ಆಕೆಗೆ ಯಾರೂ ಹೇಳಲಿಲ್ಲ

ಬೈಬಲ್ ತೆರೆದು ಎರಡನೇ ಅರಸುಗಳು 20ನೇ ಅಧ್ಯಾಯ ಹುಡುಕಿ ಇಟ್ಕೊಳ್ಳಿ. ಅಲ್ಲಿಗೆ ಆಮೇಲೆ ಬರ್ತೀನಿ. ಅದಕ್ಕೆ ಮೊದಲು ಒಬ್ಬ ನಟಿಯ ಬಗ್ಗೆ ಹೇಳಬೇಕು. ಸಭೆಯಲ್ಲಿ ಸಿನಿಮಾ ನಟಿ ಮಾತು ಯಾಕೆ ಪಾಸ್ಟರ್ ಅಂತ ಕೆಲವರ ಮುಖದಲ್ಲೇ ಕಾಣ್ತಾ ಇದೆ. ಸ್ವಲ್ಪ ತಾಳ್ಕೊಳ್ಳಿ.

ಹೆಸರು ಕೇ ಕೆಂಡಾಲ್. 1927ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡಲತೀರದ ವಿದರ್ನ್‌ಸೀ ಅನ್ನೋ ಊರಲ್ಲಿ ಹುಟ್ಟಿದವಳು. ಅಜ್ಜಿ ಮೇರಿ ಕೆಂಡಾಲ್ ಆ ಕಾಲದ ರಂಗವೇದಿಕೆಯ ಹೆಸರಾಂತ ಗಾಯಕಿ. 1946ರಲ್ಲಿ 'ಲಂಡನ್ ಟೌನ್' ಅನ್ನೋ ದೊಡ್ಡ ಚಿತ್ರದಲ್ಲಿ ಅವಕಾಶ ಸಿಕ್ಕಿತು, ಆದರೆ ಚಿತ್ರ ನೆಲಕಚ್ಚಿತು. ಏಳು ವರ್ಷ ಆದ ಮೇಲೆ, 1953ರಲ್ಲಿ 'ಜೆನೆವೀವ್' ಬಂತು. ಹಳೆ ಕಾರುಗಳು ಲಂಡನ್ನಿಂದ ಬ್ರೈಟನ್‌ಗೆ ಓಡೋ ತಮಾಷೆಯ ಕಥೆ. ಅದರಲ್ಲಿ ಈಕೆ ಎದ್ದು ಹೋಗಿ ತುತ್ತೂರಿ ಊದೋ ಒಂದು ದೃಶ್ಯ ಇದೆ. ಜನ ಅದನ್ನು ಇವತ್ತಿಗೂ ನೆನಪಿಸ್ಕೊಳ್ತಾರೆ. 1957ರ 'ಲೆ ಗರ್ಲ್ಸ್' ಚಿತ್ರಕ್ಕೆ ಗೋಲ್ಡನ್ ಗ್ಲೋಬ್ ಕೂಡ ಬಂತು.

ಅಷ್ಟರಲ್ಲಿ ರಕ್ತದಲ್ಲಿ ಲ್ಯುಕೇಮಿಯಾ ಇತ್ತು. ಅಂದರೆ ರಕ್ತದ ಕ್ಯಾನ್ಸರ್. ಆ ದಿನಗಳಲ್ಲಿ ಅದನ್ನು ಗುಣಪಡಿಸೋ ಚಿಕಿತ್ಸೆ ಇರಲಿಲ್ಲ. ವೈದ್ಯರು ವಿಷಯವನ್ನು ಆಕೆಗೆ ಹೇಳಲಿಲ್ಲ; ಆಕೆ ಪ್ರೀತಿಸ್ತಿದ್ದ ನಟ ರೆಕ್ಸ್ ಹ್ಯಾರಿಸನ್‌ಗೆ ಹೇಳಿದರು. ಆತ ಆಗ ಬೇರೊಬ್ಬ ನಟಿ ಲಿಲಿ ಪಾಮರ್‌ಳ ಗಂಡ. ಆಕೆಗೆ ವಿಷಯ ತಿಳಿಸಿದ; ಆಕೆ ವಿಚ್ಛೇದನಕ್ಕೆ ಒಪ್ಪಿದಳು. 1957ರ ಜೂನ್‌ನಲ್ಲಿ ಕೇಯನ್ನು ಮದುವೆಯಾದ. ಆ ಮದುವೆಯ ಸರಿ ತಪ್ಪು ಇವತ್ತಿನ ವಿಷಯ ಅಲ್ಲ. ನೋಡಿ ಪ್ರಿಯರೇ, ವೈದ್ಯರಿಗೆ ಗೊತ್ತು, ಗಂಡನಿಗೆ ಗೊತ್ತು, ಗಂಡನ ಹಿಂದಿನ ಹೆಂಡತಿಗೆ ಗೊತ್ತು. ಯಾರ ದೇಹವೋ ಅವಳಿಗೆ ಮಾತ್ರ ಕಬ್ಬಿಣಾಂಶ ಕಡಿಮೆ ಇದೆ ಅಂತ ಹೇಳಿದ್ದರು. 1959ರ ಸೆಪ್ಟೆಂಬರ್ 6ರಂದು ಲಂಡನ್ನಿನಲ್ಲಿ ತೀರಿಕೊಂಡಳು. ವಯಸ್ಸು 32. ಕೊನೆಯ ಚಿತ್ರ ತೆರೆಗೆ ಬಂದದ್ದು ಆಕೆ ಹೋದ ಮೇಲೆ.

ಹ್ಯಾರಿಸನ್ ಕೆಟ್ಟವನು ಅಂತ ನಾನು ಹೇಳಲ್ಲ. ಎರಡು ವರ್ಷ ಆ ಭಾರ ಹೊತ್ತುಕೊಂಡೇ ಎದುರಿಗೆ ನಕ್ಕಿದ್ದಾನೆ. ಆಗ ಪದ್ಧತಿನೇ ಹಾಗಿತ್ತು. 1961ರಲ್ಲಿ ಷಿಕಾಗೋದ ವೈದ್ಯರನ್ನು ಕೇಳಿದಾಗ ನೂರಕ್ಕೆ ಸುಮಾರು 90 ಮಂದಿ, ಕ್ಯಾನ್ಸರ್ ಅಂತ ರೋಗಿಗೆ ಸಾಮಾನ್ಯವಾಗಿ ಹೇಳಲ್ಲ ಅಂದರು. 1979ರಲ್ಲಿ ಮತ್ತೆ ವೈದ್ಯರನ್ನು ಕೇಳಿದಾಗ 97 ಮಂದಿ ಹೇಳ್ತೀವಿ ಅಂದರು. ಹದಿನೆಂಟೇ ವರ್ಷದಲ್ಲಿ ವೈದ್ಯರು ಬದಲಾದರು. ನಮ್ಮ ಮನೆಗಳು ಬದಲಾಗಿವೆಯಾ?

ಈಗ ಅರಸುಗಳು 20ಕ್ಕೆ ಬನ್ನಿ. ಹಿಜ್ಕೀಯನ ಹದಿನೈದು ವರ್ಷ ಅಂದ ಕೂಡಲೇ ನಾವು ಚಪ್ಪಾಳೆ ತಟ್ತೀವಿ, ಹಲ್ಲೆಲೂಯ ಅಂತೀವಿ. ಮೊದಲನೇ ವಚನವನ್ನು ದಾಟಿ ಹೋಗ್ತೀವಿ. ಅಲ್ಲಿ ಪ್ರವಾದಿ ಯೆಶಾಯ ಒಳಗೆ ಬಂದು, ನೀನು ಬದುಕಲ್ಲ, ಮನೆಯ ವ್ಯವಸ್ಥೆ ಮಾಡಿಕೋ ಅಂತ ನೇರವಾಗಿ ಹೇಳ್ತಾನೆ. ಆ ಸುದ್ದಿ ಕೇಳಿದ್ದಕ್ಕೇ ಅರಸ ಗೋಡೆ ಕಡೆ ಮುಖ ತಿರುಗಿಸಿ ಅತ್ತ, ಪ್ರಾರ್ಥಿಸಿದ. ಅದು ಅವನದೇ ಪ್ರಾರ್ಥನೆ. ಕಬ್ಬಿಣಾಂಶ ಕಡಿಮೆ ಅಂದಿದ್ದರೆ ಏನಂತ ಪ್ರಾರ್ಥಿಸ್ತಿದ್ದ? ಉತ್ತರ ಬಂದ ಮೇಲೂ ಅಂಜೂರದ ಉಂಡೆ ತಂದು ಹುಣ್ಣಿಗೆ ಹಚ್ಚಿದರು, ಅದನ್ನೂ ಓದಿಕೊಳ್ಳಿ. ಔಷಧಿಗೂ ವಿಶ್ವಾಸಕ್ಕೂ ಜಗಳ ಹಚ್ಚೋರು ಆ ವಚನ ಓದೋದೇ ಇಲ್ಲ.

ಲಾಜರನ ವಿಷಯದಲ್ಲಿ ಯೇಸುವೂ ಮೊದಲು ನಿದ್ರೆ ಅಂದ. ಶಿಷ್ಯರಿಗೆ ಅರ್ಥ ಆಗಲಿಲ್ಲ. ಆಗ ಸತ್ತಿದ್ದಾನೆ ಅಂತ ಸ್ಪಷ್ಟವಾಗಿ ಹೇಳಿದ. ಎಬ್ಬಿಸೋದಕ್ಕೆ ಹೊರಟಿದ್ದವನೇ ಹಾಗೆ ಹೇಳಿದ! ಕಹಿ ಮಾತು ಬಾಯಲ್ಲಿ ಬಂದರೆ ವಿಶ್ವಾಸ ಕಡಿಮೆಯಾಗುತ್ತೆ ಅಂತ ನಮ್ಮ ಪೆಂತೆಕೋಸ್ತ್ ಸಭೆಗಳಲ್ಲಿ ಒಂದು ಭಯ ಇದೆ. ಅದೇ ಭಯದಲ್ಲಿ ಕಾಯಿಲೆಯ ಹೆಸರನ್ನೇ ಬಚ್ಚಿಡ್ತೀವಿ. ಕರ್ತನಿಗೆ ಆ ಭಯ ಇರಲಿಲ್ಲ.

ಯೌವನಸ್ಥರೇ, ಇದನ್ನು ನಿಮಗೇ ಯಾಕೆ ಹೇಳ್ತಿದ್ದೀನಿ ಗೊತ್ತಾ? ಅಪ್ಪನ ರಿಪೋರ್ಟ್ ಬರೋದು ನಿಮ್ಮ ಮೊಬೈಲ್‌ಗೆ. ಅದು ಇಂಗ್ಲಿಷಿನಲ್ಲಿರುತ್ತೆ. ಅಮ್ಮ ಪಕ್ಕದಲ್ಲಿ ಕೂತು, ಏನಪ್ಪಾ ಬರೆದಿದ್ದಾರೆ ಅಂತ ಕೇಳ್ತಾರೆ. ಏನಿಲ್ಲಮ್ಮ, ಸ್ವಲ್ಪ ಇನ್ಫೆಕ್ಷನ್ ಅಂತೀರಿ. ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೆ ಅವರಿಗೂ ಮಾಡಬೇಕಾದ್ದು ಇರುತ್ತೆ. ತಂಗಿ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿರಬಹುದು. ಕ್ಷಮೆ ಕೇಳೋದು ಬಾಕಿ ಇರಬಹುದು. ಕರ್ತನ ಹತ್ತಿರ ಒಂಟಿಯಾಗಿ ಅಳೋದು ಬಾಕಿ ಇರಬಹುದು.

ಹಾಗಂತ ಇವತ್ತು ಮನೆಗೆ ಹೋಗಿ ಬಾಗಿಲಲ್ಲೇ ಹೇಳಿಬಿಡಬೇಡಿ. ಮೊದಲು ಡಾಕ್ಟರ್ ಹತ್ತಿರ ಸರಿಯಾಗಿ ಕೇಳಿ ತಿಳ್ಕೊಳ್ಳಿ. ಆಮೇಲೆ ಅಮ್ಮನನ್ನೇ ಕೇಳಿ: ಅಮ್ಮಾ, ನಿಮಗೆ ಎಷ್ಟು ಗೊತ್ತಾಗಬೇಕು? ನನಗೇನೂ ಹೇಳಬೇಡ ಅಂದರೆ ಅದು ಅವರ ಆಯ್ಕೆ, ಗೌರವಿಸಿ. ಹೇಳು ಅಂದರೆ ಕೈ ಹಿಡ್ಕೊಂಡು ಹೇಳಿ, ಹೇಳಿದ ಮೇಲೆ ಎದ್ದು ಹೋಗಬೇಡಿ.

ಈಗ ಎಲ್ಲರೂ ಎದ್ದು ನಿಲ್ಲೋಣ. ಮನೆಯಲ್ಲಿ ಇಂಥ ರಿಪೋರ್ಟ್ ಇಟ್ಕೊಂಡು ಒಬ್ಬರೇ ನಡೀತಾ ಇರೋರು ಮುಂದೆ ಬನ್ನಿ, ಕಾಯಿಲೆಯ ಹೆಸರು ಹಿಡಿದೇ ಪ್ರಾರ್ಥಿಸೋಣ. ಹೇಳೋವಾಗ ಜೊತೆಗೆ ಯಾರಾದರೂ ಇರಬೇಕು ಅನ್ನಿಸಿದರೆ ನನಗೆ ಹೇಳಿ, ನಾನು ಬರ್ತೀನಿ.