ವಜ್ರ ನಿಜವೋ, ನಕಲಿಯೋ?

ವಜ್ರ ಇದ್ದಿಲಿನ ಒಡಹುಟ್ಟು ಎಂದರೆ ನಮ್ಮ ಮನೆಗಳ ಹಿರಿಯ ಹೆಂಗಸರು ಒಪ್ಪಲಾರರು. ಆದರೆ 1772ರಲ್ಲಿ ಫ್ರಾನ್ಸಿನ ಲಾವಾಸಿಯೆ ದೊಡ್ಡ ಮಸೂರದಿಂದ ಬಿಸಿಲನ್ನು ಕೂಡಿಸಿ ವಜ್ರವನ್ನು ಸುಟ್ಟು ನೋಡಿದ. 1797ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನೆಂಟ್ ಅದು ಅಚ್ಚ ಇಂಗಾಲವೆಂದು ತೋರಿಸಿಕೊಟ್ಟ. ಪರಮಾಣುಗಳ ಜೋಡಣೆಯಲ್ಲಿ ಮಾತ್ರ ಭೇದ. ಆ ಬಿಗಿಯಾದ ಜೋಡಣೆಯಿಂದಲೇ ಅದರ ಗಡಸುತನ, ಬೆಳಕನ್ನು ಒಳಗೆ ಬಗ್ಗಿಸಿ ಬಣ್ಣಬಣ್ಣವಾಗಿ ಹೊರಚೆಲ್ಲುವ ಗುಣ. (ಗಡಸಾದರೂ, ಸರಿಯಾದ ಕಡೆ ಪೆಟ್ಟು ಬಿದ್ದರೆ ಸೀಳಿಯೇ ಹೋಗುತ್ತದೆ.)

ಊರು ಬಿಟ್ಟು ಬಂದ ನಮ್ಮಂಥವರಿಗೆ ವಜ್ರದ ಮೋಹಕ್ಕೆ ಇನ್ನೊಂದು ಕಾರಣವುಂಟು. ಹೊಲವನ್ನಾಗಲಿ ಹಿತ್ತಲ ಬಾವಿಯನ್ನಾಗಲಿ ರೈಲಿನಲ್ಲಿ ತರಲಾಗಲಿಲ್ಲ. ಅಜ್ಜಿಯ ಏಳು ಹರಳಿನ ಓಲೆ ಮಾತ್ರ ಸೆರಗಿನ ಗಂಟಿನಲ್ಲಿ ಬಂದಿತು. ಆದುದರಿಂದ ಮದುವೆಯ ಮಾತುಕತೆಯಲ್ಲಿ ಯಾರಾದರೂ "ವಜ್ರ ನಿಜವಾದದ್ದೇ ತಾನೇ?" ಎಂದು ಕೇಳಿದರೆ ನಮಗೆ ಮೈಯೆಲ್ಲ ಉರಿಯುತ್ತದೆ.

1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಯಂತ್ರದ ಒತ್ತಡದಲ್ಲಿ ವಜ್ರವನ್ನು ಮಾಡಿದರು. ಇಂದು ಸೂರತ್ತಿನಲ್ಲಿಯೂ ಪ್ರಯೋಗಾಲಯದ ವಜ್ರ ತಯಾರಾಗುತ್ತದೆ. ಅದೂ ಇಂಗಾಲವೇ, ಗಡಸುತನವೂ ಹೊಳಪೂ ಅವೇ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಹಾಗಾದರೆ ನಕಲಿ ಯಾವುದು? ನಮ್ಮ ಮಟ್ಟಿಗೆ, ಕಲ್ಲು ಸುಳ್ಳಾಡುವುದಿಲ್ಲ. ಕಾರ್ಖಾನೆಯ ವಜ್ರವನ್ನು ಗಣಿಯದೆಂದು ಕೊಟ್ಟರೆ ಸುಳ್ಳು ಕೊಟ್ಟವನ ಬಾಯಲ್ಲಿದೆ.

ಆದರೆ ಗಣಿಯ ವಜ್ರದ ವಿಷಯದಲ್ಲಿ ನಾವು ಎಷ್ಟು ನಿಜ ಹೇಳಿದ್ದೇವೆ? ನಮ್ಮವರು ಅಭಿಮಾನದಿಂದ 'ಬ್ಲೂ ಜಾಗರ್' ಎನ್ನುವ ಹರಳಿಗೆ ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯಿಂದ. ಗಣಿ 1971ರಲ್ಲಿ ಮುಚ್ಚಿತು, ಹೆಸರು ನಮ್ಮ ಅಂಗಡಿಗಳಲ್ಲಿ ಉಳಿಯಿತು. ಅದೇ ದೇಶದ ಕಿಂಬರ್ಲಿಯಲ್ಲಿ 1880ರ ದಶಕದಿಂದ ಕಪ್ಪು ಜನಾಂಗದ ಕೂಲಿಗಳನ್ನು ಕರಾರು ಮುಗಿಯುವ ತನಕ ಬೇಲಿಯೊಳಗೆ ಕೂಡಿಹಾಕಿ, ಕಲ್ಲು ಕದ್ದಾರೆಂದು ಮೈ ತಡಕುತ್ತಿದ್ದರು. ಕೃಷ್ಣಾತೀರದ ನಮ್ಮ ಕೊಲ್ಲೂರಿನ ಗಣಿಯದೂ ಸುಖದ ಕಥೆಯಲ್ಲ. 17ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಗಂಡಸರು ಅಗೆದ ಮಣ್ಣನ್ನು ಹೆಂಗಸರೂ ಮಕ್ಕಳೂ ಹೊರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1990ರ ದಶಕದಲ್ಲಿ ಸಿಯೆರಾ ಲಿಯೋನ್, ಅಂಗೋಲಗಳಲ್ಲಿ ವಜ್ರ ಮಾರಿದ ಹಣದಿಂದ ಬಂದೂಕು ಕೊಂಡರು. ಅದನ್ನು ತಡೆಯಲೆಂದು 2003ರಲ್ಲಿ ಕಿಂಬರ್ಲಿ ಒಪ್ಪಂದ ಜಾರಿಗೆ ಬಂದಿತಾದರೂ ಅದು ಹಿಡಿಯುವುದು ಬಂಡಾಯಗಾರರ ವಜ್ರವನ್ನು, ಕೂಲಿಯ ಕಷ್ಟವನ್ನಲ್ಲ.

ಕಲ್ಲು ನಿಜವೇ ಎಂದು ಭೂತಗನ್ನಡಿ ಹಿಡಿದು ನೋಡುವ ನಾವು, ಅದು ಯಾರ ಕೈಯಿಂದ ಬಂದಿತೆಂದು ಕೇಳಿದ್ದು ಕಡಮೆ. ಅಜ್ಜಿಯ ಓಲೆಯನ್ನು ಬಿಸಾಡಬೇಕೆಂದು ಇದರ ಅರ್ಥವಲ್ಲ; ಅದನ್ನು ಬಿಡಲು ನಮಗೂ ಮನಸ್ಸಿಲ್ಲ. ಆದರೆ ಮೊಮ್ಮಗಳು ತನ್ನ ಮದುವೆಗೆ ಪ್ರಯೋಗಾಲಯದ ವಜ್ರವೇ ಸಾಕೆಂದಾಗ ಮೂಗು ಮುರಿಯುವುದು ಸರಿಯೆನಿಸುವುದಿಲ್ಲ. ಅದು ಬಹಳ ಅಗ್ಗ, ಮುಂದೆ ಮಾರಿದರೆ ಏನೂ ಬಾರದು ಎಂಬ ಆಕ್ಷೇಪವುಂಟು. ಗಣಿಯ ವಜ್ರವನ್ನು ಕಷ್ಟಕಾಲದಲ್ಲಿ ಅಂಗಡಿಗೆ ಒಯ್ದವರನ್ನು ಕೇಳಿ ನೋಡಿ. ಕೊಂಡ ಬೆಲೆ ಅವರಿಗೂ ಸಿಕ್ಕಿರುವುದು ಅಪರೂಪ.