ನ್ಯಾಸದ ಕಾನೂನು ಮತ್ತು ಸತ್ಯಾಣುವ್ರತ

ಶ್ರಾವಕರ ವ್ರತಗಳಿಗೆ ತಗಲಬಹುದಾದ ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತಕ್ಕೆ ಐದರಂತೆ ಎಣಿಸಿದ್ದಾರೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿಕೆಯಿಂದ ಒಬ್ಬರ ವಶಕ್ಕೆ ಕೊಟ್ಟ ಇಡುಗಂಟು. ಅದರ ಅಪಹರಣವೆಂದೊಡನೆ ಇದು ಅಚೌರ್ಯಾಣುವ್ರತಕ್ಕೆ ಸೇರಿದ ದೋಷವೆಂದೇ ಯಾರಿಗಾದರೂ ತೋರುತ್ತದೆ. ಆದರೆ ಸೂತ್ರಕಾರರು ಇದನ್ನು ಇರಿಸಿರುವುದು ಸತ್ಯಾಣುವ್ರತದ ಅತಿಚಾರಗಳಲ್ಲಿ, ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆಯ ಪಕ್ಕದಲ್ಲಿ.

ಇದರ ಕಾರಣವನ್ನು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಿಂದ ತಿಳಿಯಬಹುದು. ಹೊನ್ನು ಮುಂತಾದುದನ್ನು ಇಟ್ಟು ಹೋದವನು ಮರಳಿ ಬಂದಾಗ ಇಟ್ಟದ್ದು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಹೌದು, ಅಷ್ಟೇ ಎಂದು ಒಪ್ಪಿ ಅಷ್ಟನ್ನೇ ಕೊಡುತ್ತಾನೆ. ಅವನು ಪೆಟ್ಟಿಗೆ ಒಡೆಯಲಿಲ್ಲ, ಕೇಳಿದ್ದನ್ನು ಕೊಡದೆಯೂ ಇರಲಿಲ್ಲ. ಅವನ ತಪ್ಪೆಲ್ಲ ಆ ಒಪ್ಪಿಗೆಯ ಮಾತಿನಲ್ಲಿದೆ.

ಇಂದು ಟ್ರಸ್ಟ್ ಎಂಬುದಕ್ಕೂ ನ್ಯಾಸವೆಂಬ ಪದವೇ ಬಳಕೆಯಲ್ಲಿದೆ. ಧರ್ಮಕಾರ್ಯಕ್ಕಾಗಿ ಹೊಲವನ್ನೋ ಹಣವನ್ನೋ ಕೊಟ್ಟ ದಾನಿ ಬಹುಪಾಲು ಸಂದರ್ಭಗಳಲ್ಲಿ ಕಾಲವಾಗಿರುತ್ತಾನೆ. ತಾನು ಎಷ್ಟು ಕೊಟ್ಟೆ, ಏತಕ್ಕಾಗಿ ಕೊಟ್ಟೆ ಎಂದು ಕೇಳಲು ಅವನು ಮರಳಿ ಬರುವಂತಿಲ್ಲ. ಪೂಜ್ಯಪಾದರ ಉದಾಹರಣೆಯ ಮರೆವಿನ ಮನುಷ್ಯನಿಗಿಂತಲೂ ಅವನು ಅಸಹಾಯಕ. ಧರ್ಮದರ್ಶಿಗಳು ಅವನ ಪರವಾಗಿ ಪ್ರಶ್ನೆಯನ್ನೂ ಕೇಳಿ ಉತ್ತರವನ್ನೂ ಹೇಳಬೇಕಾಗಿದೆ. ನ್ಯಾಸದ ಕಾನೂನನ್ನು ಶಾಸನಸಭೆಗಳು ತಿದ್ದುವಾಗಲೆಲ್ಲ ಈ ದೃಷ್ಟಿಯಿಂದ ಅದನ್ನು ಪರೀಕ್ಷಿಸುವುದು ಉಚಿತ.

ಭಾರತೀಯ ನ್ಯಾಸಗಳ ಕಾಯಿದೆ 1882ರಲ್ಲಿ, ಸಂಸತ್ತೆಂಬುದು ಇನ್ನೂ ಇಲ್ಲದಿದ್ದ ಕಾಲದಲ್ಲಿ, ಗವರ್ನರ್ ಜನರಲ್ಲರ ಶಾಸನ ಪರಿಷತ್ತಿನಲ್ಲಿ ರಚಿತವಾಯಿತು. ನ್ಯಾಸದ ಹಣವನ್ನು ಎಲ್ಲಿ ಹೂಡಬಹುದೆಂದು ಅದರ 20ನೆಯ ಕಲಮು ಪಟ್ಟಿ ಮಾಡಿತ್ತು: ಸರಕಾರದ ಪ್ರಾಮಿಸರಿ ನೋಟುಗಳು, ಸರಕಾರ ಬಡ್ಡಿಗೆ ಖಾತರಿ ಕೊಟ್ಟ ರೈಲ್ವೆ ಕಂಪನಿಗಳ ಷೇರುಗಳು, ಪ್ರೆಸಿಡೆನ್ಸಿ ಪಟ್ಟಣಗಳ ಪುರಸಭೆ ಮತ್ತು ಬಂದರು ಮಂಡಳಿಗಳ ಸಾಲಪತ್ರಗಳು, ಸ್ಥಿರಾಸ್ತಿಯ ಮೊದಲ ಅಡಮಾನ. ಅಡಮಾನದ ಆಸ್ತಿಯ ಬೆಲೆ ಸಾಲಕ್ಕಿಂತ ಮೂರನೆಯ ಒಂದು ಭಾಗದಷ್ಟು, ಕಟ್ಟಡವಾದರೆ ಅರ್ಧದಷ್ಟು, ಹೆಚ್ಚಿರಬೇಕೆಂಬ ಎಚ್ಚರಿಕೆಯೂ ಅಲ್ಲಿತ್ತು. ವ್ಯಾಪಾರಿಗಳಿಗೆ ಇದು ಮೆಚ್ಚಿಗೆಯಾಗುವಂತಹ ಲೆಕ್ಕಾಚಾರವೇ. ಆದರೆ ಪಟ್ಟಿಗೆ ವಯಸ್ಸಾಗುವುದನ್ನು ಯಾರೂ ತಡೆಯಲಾರರು. ರಂಗೂನ್ ಪಟ್ಟಣ ಮತ್ತು ಕರಾಚಿ ಬಂದರು ಭಾರತದಿಂದ ಬೇರೆಯಾದ ಮೇಲೆ, ಅಲ್ಲಿ ಇನ್ನು ಹಣ ಹೂಡಬಾರದೆಂಬ ಮಾತೊಂದನ್ನು ಸೇರಿಸಿ, ಹೆಸರುಗಳನ್ನು ಪುಸ್ತಕದಲ್ಲಿ ಹಾಗೆಯೇ ಬಿಟ್ಟರು!

ಈ ಪಟ್ಟಿಯನ್ನು ತೆಗೆಯುವ ಮಸೂದೆ ಲೋಕಸಭೆಯ ಮುಂದೆ ಬಂದದ್ದು 2015ರಲ್ಲಿ. 2016ರಲ್ಲಿ ಅದು ಕಾಯಿದೆಯಾಯಿತು. ಸಂಸತ್ತಿನ ಕಲಾಪದಲ್ಲಿ ಇಂತಹ ಮಸೂದೆಗಳಿಗೆ ಯಾರೂ ಕಾದು ಕುಳಿತಿರುವುದಿಲ್ಲ. ಪತ್ರಿಕೆಗಳ ಮೊದಲ ಪುಟಕ್ಕೆ ಬರುವ ವಿಷಯವೂ ಇದಲ್ಲ. ಆದರೂ 134 ವರ್ಷ ನಿಂತಿದ್ದ ಒಂದು ಬೇಲಿ ಅಂದು ತೆಗೆಯಲ್ಪಟ್ಟಿತು. ನ್ಯಾಸಪತ್ರವೇ ಸ್ಪಷ್ಟವಾಗಿ ಒಪ್ಪಿದ ಹೂಡಿಕೆಗಳು, ಇಲ್ಲವೆ ಕೇಂದ್ರ ಸರಕಾರ ಅಧಿಸೂಚನೆಯಿಂದ ಸೂಚಿಸುವ ವರ್ಗದವು, ಇವಿಷ್ಟೇ ಈಗ ಆ ಕಲಮಿನ ಸಾರ. ಪಟ್ಟಿ ಹೋಯಿತೆಂದು ಹೇಳುವುದಕ್ಕಿಂತ, ಪಟ್ಟಿ ಮಾಡುವ ಅಧಿಕಾರ ಸಂಸತ್ತಿನಿಂದ ಸರಕಾರಕ್ಕೆ ಹೋಯಿತೆಂದು ಹೇಳುವುದು ಹೆಚ್ಚು ಸರಿಯಾದೀತು.

ಈ ಕಾಯಿದೆ ಖಾಸಗಿ ನ್ಯಾಸಗಳಿಗೆ ಸಂಬಂಧಿಸಿದ್ದು. ಧಾರ್ಮಿಕ ಮತ್ತು ದತ್ತಿ ನಿಧಿಗಳನ್ನು ಅದರ ಮೊದಲನೆಯ ಕಲಮೇ ಹೊರಗಿಟ್ಟಿದೆ. ಹಾಗೆಂದು ಬಸದಿಗಳ ಆಡಳಿತದವರು ಇದನ್ನು ಪಕ್ಕಕ್ಕಿಡುವಂತಿಲ್ಲ. ಧರ್ಮದರ್ಶಿಯ ಕರ್ತವ್ಯವೇನೆಂಬ ಪ್ರಶ್ನೆ ಬಂದಾಗ ನ್ಯಾಯಾಲಯಗಳು ಇದರ ತತ್ತ್ವಗಳತ್ತಲೇ ಕಣ್ಣು ಹಾಯಿಸುತ್ತ ಬಂದಿವೆ. ಅಲ್ಲದೆ ಇದರ ಕೆಲವು ಕಲಮುಗಳನ್ನು ಓದಿದರೆ ಶ್ರಾವಕಾಚಾರದ ಗ್ರಂಥವೊಂದನ್ನು ಓದಿದಂತಾಗುತ್ತದೆ. ನ್ಯಾಸದ ಹೊಣೆಯನ್ನು ಯಾರೂ ಹೊರಲೇಬೇಕೆಂಬ ಕಡ್ಡಾಯವಿಲ್ಲ. ಹೊತ್ತ ಮೇಲೆ ಮನಸ್ಸು ಬಂದಂತೆ ಇಳಿಸುವಂತೆಯೂ ಇಲ್ಲ. ಪತ್ರದಲ್ಲಿ ಹೇಳಿರದಿದ್ದರೆ ಅದಕ್ಕೆ ಸಂಬಳವಿಲ್ಲ. 24ನೆಯ ಕಲಮು ವ್ಯಾಪಾರಿಗಳಿಗೆ ವಿಚಿತ್ರವಾಗಿ ಕಂಡೀತು. ಅಂಗಡಿಯಲ್ಲಿ ಒಂದು ಸರಕಿನ ನಷ್ಟವನ್ನು ಇನ್ನೊಂದರ ಲಾಭದಿಂದ ತುಂಬಿಕೊಳ್ಳುವುದು ದಿನನಿತ್ಯದ ವ್ಯವಹಾರ. ಧರ್ಮದರ್ಶಿ ಒಂದು ಕಡೆ ನಿಯಮ ಮೀರಿ ಕಳೆದುದನ್ನು, ಇನ್ನೊಂದು ಕಡೆ ನಿಯಮ ಮೀರಿಯೇ ಗಳಿಸಿದುದಕ್ಕೆ ವಜಾ ಹಾಕುವಂತಿಲ್ಲ. ನಷ್ಟ ಅವನದು, ಲಾಭ ನ್ಯಾಸದ್ದು.

ಇದೇ ಕಾಯಿದೆಯ 15ನೆಯ ಕಲಮು, ಸಾಧಾರಣ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ಆಸ್ತಿಯನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನ್ಯಾಸದ ಆಸ್ತಿಯನ್ನು ನೋಡಿಕೊಳ್ಳಬೇಕೆಂದು ಹೇಳುತ್ತದೆ. ಸ್ವಂತ ಆಸ್ತಿಯಂತೆ ಎಂಬ ಈ ಅಳತೆ ಸಾಕೇ ಎಂಬುದು ಇಂಗ್ಲೆಂಡಿನಲ್ಲಿ ಅಷ್ಟರಲ್ಲೇ ಚರ್ಚೆಗೆ ಬಂತು. ಅಲ್ಲಿನ ಇಬ್ಬರು ಧರ್ಮದರ್ಶಿಗಳು 3000 ಪೌಂಡುಗಳನ್ನು ಇಟ್ಟಿಗೆ ಕಾರಖಾನೆಯೊಂದರ ಜಮೀನಿನ ಅಡಮಾನದ ಮೇಲೆ ಕೊಟ್ಟಿದ್ದರು. ಬೆಲೆ ಕಟ್ಟುವವರ ವರದಿಯನ್ನೂ ಪಡೆದಿದ್ದರು. ಅವರ ಪ್ರಾಮಾಣಿಕತೆಯಲ್ಲಿ ಕೊರತೆಯಿರಲಿಲ್ಲ. ಆದರೆ ಇಟ್ಟಿಗೆ ಸುಟ್ಟಂತೆಲ್ಲ ಜಮೀನಿನ ಮಣ್ಣೇ ಕರಗುತ್ತದೆ, ವ್ಯಾಪಾರ ನಿಂತರೆ ಉಳಿಯುವುದು ಹಳ್ಳ. ವ್ಯಾಪಾರ ನಿಂತಿತು, ಹಣ ಮುಳುಗಿತು. 1886ರಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಲಿಂಡ್ಲಿಯವರು ಬೇರೊಂದು ಅಳತೆಯನ್ನು ಮುಂದಿಟ್ಟರು. ತನಗಾಗಿ ಹಣ ಹೂಡುವವನ ವಿವೇಕ ಇಲ್ಲಿ ಸಾಲದು. ಯಾರ ಪೋಷಣೆ ತನ್ನ ನೈತಿಕ ಹೊಣೆಯೆಂದು ತಿಳಿದಿದ್ದಾನೋ ಅಂತಹ ಪರರಿಗಾಗಿ ಹೂಡುವವನ ವಿವೇಕ ಬೇಕು. ಮರುವರ್ಷ ಹೌಸ್ ಆಫ್ ಲಾರ್ಡ್ಸ್ ಆ ತೀರ್ಪನ್ನು ಎತ್ತಿಹಿಡಿಯಿತು. ತನ್ನ ಹಣವನ್ನು ಅಪಾಯಕ್ಕೊಡ್ಡುವ ಹಕ್ಕು ಮನುಷ್ಯನಿಗಿದೆ, ಅದರ ಫಲವನ್ನು ಅವನೇ ಉಣ್ಣುತ್ತಾನೆ. ಪರರ ಹಣದಲ್ಲಿ ಆ ಹಕ್ಕು ಎಲ್ಲಿಂದ ಬಂದೀತು?

ಆದರೆ ಅಂಜಿಕೆಯೂ ಎಚ್ಚರವೂ ಒಂದೇ ಅಲ್ಲ. ಪಟ್ಟಿಯೊಳಗಿನ ಪತ್ರಗಳಲ್ಲೇ ಹಣವಿಟ್ಟು, ದಶಕಗಳ ಬೆಲೆಯೇರಿಕೆಯಲ್ಲಿ ಅದು ಸವೆದುಹೋಗುವುದನ್ನು ನೋಡುತ್ತ ಕುಳಿತ ಧರ್ಮದರ್ಶಿ ಕಾನೂನಿನ ಕಣ್ಣಿಗೆ ನಿರ್ದೋಷಿ. ಆ ಪಟ್ಟಿ ಕಾಪಾಡಿದ್ದು ನಿಧಿಯನ್ನೋ ಧರ್ಮದರ್ಶಿಯನ್ನೋ ಎಂದು ಕೇಳಬೇಕಾಗಿದೆ. ಇಂಗ್ಲೆಂಡಿನ ಪಾರ್ಲಿಮೆಂಟು 2000ದ ಕಾಯಿದೆಯಲ್ಲಿ ಹೂಡಿಕೆಯ ಸ್ವಾತಂತ್ರ್ಯವನ್ನು ವಿಸ್ತರಿಸಿದಾಗ, ಎಚ್ಚರ ವಹಿಸುವ, ತಿಳಿದವರ ಸಲಹೆ ಪಡೆಯುವ, ಆಗಾಗ ಮರುಪರಿಶೀಲಿಸುವ ಕರ್ತವ್ಯಗಳನ್ನೂ ಜೊತೆಯಲ್ಲೇ ಬರೆಯಿತು. 2016ರ ಭಾರತದ ತಿದ್ದುಪಡಿಯಲ್ಲಿ ಅಂತಹ ಮಾತುಗಳಿಗೂ ಎಡೆಯಿದ್ದಿದ್ದರೆ ಒಳ್ಳೆಯದಾಗುತ್ತಿತ್ತು.

ಹೂಡಿಕೆಗಿಂತ ಕಠಿಣವಾದುದು ಉದ್ದೇಶದ ಪ್ರಶ್ನೆ. ದಾನಿ ಒಂದು ಕಾರ್ಯಕ್ಕೆ ಕೊಟ್ಟುದನ್ನು ಇನ್ನೊಂದಕ್ಕೆ ಬಳಸಬಹುದೇ? ಲಂಡನ್ನಿನ ಥಾಮಸ್ ಬೆಟನ್ ಎಂಬ ವರ್ತಕರು 1723ರ ತಮ್ಮ ಉಯಿಲಿನಲ್ಲಿ, ಬಾರ್ಬರಿ ತೀರದ ಕಡೆ ಸೆರೆಯಾಳುಗಳಾದ ಬ್ರಿಟಿಷರನ್ನು ಬಿಡಿಸಲೆಂದು ನಿಧಿಯ ಉತ್ಪನ್ನದ ಅರ್ಧವನ್ನು ಮೀಸಲಿಟ್ಟರು. ನೂರು ವರ್ಷ ಕಳೆಯುವಷ್ಟರಲ್ಲಿ ಬಿಡಿಸಬೇಕಾದ ಸೆರೆಯಾಳುಗಳೇ ಇಲ್ಲವಾದರು, ಹಣ ಮಾತ್ರ ಬೆಳೆಯುತ್ತ ಹೋಯಿತು. ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, 1844ರಲ್ಲಿ ಆ ಹಣ ಧರ್ಮಶಾಲೆಗಳ ಮಕ್ಕಳ ಶಿಕ್ಷಣಕ್ಕೆ ಸಂದಿತು. ಮೂಲ ಉದ್ದೇಶ ಅಸಾಧ್ಯವಾದಾಗ ಅದಕ್ಕೆ ಸಮೀಪವಾದುದನ್ನು ಹುಡುಕುವ ಈ ಪದ್ಧತಿಯಲ್ಲಿ ಅಸತ್ಯವಿಲ್ಲ. ಇಲ್ಲದ ಸೆರೆಯಾಳುಗಳ ಹೆಸರಿನಲ್ಲಿ ಹಣ ಕೂಡಿಹಾಕುತ್ತ ಹೋಗುವುದೇ ಅಸತ್ಯ.

ಆದರೆ ಉದ್ದೇಶ ಇನ್ನೂ ಸಾಧ್ಯವಿದ್ದು, ಅದಕ್ಕಿಂತ ಉತ್ತಮವಾದುದು ಬೇರೆಯಿದೆಯೆಂದು ಅಧಿಕಾರಿಗೋ ಆಡಳಿತ ಮಂಡಳಿಗೋ ತೋರಿದರೆ? 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯಿದೆ ಈ ಬಾಗಿಲನ್ನು ತೆರೆಯಲು ಹೊರಟಿತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಆ ಭಾಗದ ಕನ್ನಡಿಗ ಜೈನರಿಗೂ ಅದು ದೂರದ ಕಾನೂನಾಗಿರಲಿಲ್ಲ. ಮೂಲ ಉದ್ದೇಶವನ್ನು ನಡೆಸುವುದು ಸಾರ್ವಜನಿಕ ಹಿತದೃಷ್ಟಿಯಿಂದ ಅಪೇಕ್ಷಣೀಯವಲ್ಲವೆಂದು ಕಂಡರೂ ಹಣವನ್ನು ಬೇರೆಡೆಗೆ ತಿರುಗಿಸಲು ಅದರಲ್ಲಿ ಅವಕಾಶವಿತ್ತು. ಜೈನ ದೇವಾಲಯವೊಂದರ ವಹಿವಾಟುದಾರರಾದ ರತಿಲಾಲ್ ಪಾನಾಚಂದ್ ಗಾಂಧಿಯವರೂ, ಮುಂಬಯಿಯ ಪಾರ್ಸಿ ಪಂಚಾಯಿತಿಯ ನಿಧಿಗಳ ಧರ್ಮದರ್ಶಿಗಳೂ ಇದನ್ನು ಪ್ರಶ್ನಿಸಿದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯಿದೆಯ ಬಹುಭಾಗವನ್ನು ಉಳಿಸಿಕೊಂಡು, ಈ ಅಂಶವನ್ನು ಮಾತ್ರ ಒಪ್ಪಲಿಲ್ಲ. ಮೂಲ ಉದ್ದೇಶ ನೆರವೇರಬಹುದಾಗಿರುವಾಗ ಧಾರ್ಮಿಕ ನ್ಯಾಸದ ಹಣವನ್ನು ಬೇರೆಡೆಗೆ ತಿರುಗಿಸುವುದು ಧರ್ಮಸ್ವಾತಂತ್ರ್ಯದ ಮೇಲಿನ ಅತಿಕ್ರಮಣವೆಂದು ಹೇಳಿತು. ಚಾರಿಟಿ ಕಮಿಷನರರೇ ಧಾರ್ಮಿಕ ನ್ಯಾಸದ ಧರ್ಮದರ್ಶಿಯಾಗುವುದನ್ನೂ ತಡೆಯಿತು.

ಈ ತೀರ್ಪನ್ನು ಸಮಾಜವು ಸರಕಾರದ ವಿರುದ್ಧದ ರಕ್ಷಣೆಯೆಂದೇ ನೆನೆಯುತ್ತದೆ, ಅದು ಸಹಜ. ಆದರೆ ಅಧಿಕಾರಿಗೆ ಇಲ್ಲವೆಂದ ಅಧಿಕಾರ ಆಡಳಿತ ಮಂಡಳಿಗೆ ತಾನಾಗಿ ಬಂದುಬಿಡುವುದಿಲ್ಲವೆಂಬುದನ್ನು ಅಷ್ಟು ಆಸಕ್ತಿಯಿಂದ ನೆನೆಯುವವರು ಕಡಿಮೆ. ಶಾಸ್ತ್ರದಾನಕ್ಕೆ ಬಂದ ಹಣದಲ್ಲಿ ಮಂಟಪದ ಅಮೃತಶಿಲೆ ಹಾಸಿದರೆ ಯಾವ ಕಮಿಷನರೂ ಕೇಳದಿರಬಹುದು. ಲೆಕ್ಕಪರಿಶೋಧಕರಿಗೂ ಅಢಾವೆ ಪತ್ರಿಕೆ ಕೂಡಿಬಂದರೆ ಸಾಕಾದೀತು.

ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟಸ್ವಾಮಿಯ ನಿತ್ಯದ ಕ್ಷೀರಾಭಿಷೇಕಕ್ಕೆಂದು ಮೂಲಧನವಿಟ್ಟು, ಅದರ ಬಡ್ಡಿಯಿಂದ ಹಾಲು ಸಲ್ಲಬೇಕೆಂದು ವಿಧಿಸಿದ ದತ್ತಿಗಳಿವೆ. ಕೊಟ್ಟದ್ದೆಷ್ಟು, ಏತಕ್ಕೆ ಎಂಬುದನ್ನು ಕಲ್ಲಿನಲ್ಲಿ, ಎಲ್ಲರೂ ನಡೆದಾಡುವ ಜಾಗದಲ್ಲಿ ಕೊರೆಸಿದರು. ದಾನಿ ಮರೆತರೂ ಊರು ಮರೆಯದಿರಲೆಂಬುದು ಆ ಕಾಲದ ಲೆಕ್ಕ.

ಇಂದು ಊರೂರಿನ ಬಸದಿಗಳಲ್ಲಿರುವ ಶಾಶ್ವತ ಪೂಜಾ ನಿಧಿಗಳು ಇದೇ ಪರಂಪರೆಯವು. ಐವತ್ತು ವರ್ಷದ ಹಿಂದೆ ಒಬ್ಬರು 101 ರೂಪಾಯಿ ಕೊಟ್ಟು, ತಮ್ಮ ತಾಯಿಯ ಪುಣ್ಯತಿಥಿಯಂದು ಪ್ರತಿವರ್ಷ ಪೂಜೆಯಾಗಲೆಂದು ಬರೆಸಿದ್ದಾರೆಂದು ಇಟ್ಟುಕೊಳ್ಳೋಣ. ಅದರ ಬಡ್ಡಿಯಲ್ಲಿ ಇಂದು ಒಂದು ಮೊಳ ಹೂವೂ ಬರಲಾರದು. ಇದು ಯಾರ ಅಪರಾಧವೂ ಅಲ್ಲ. ಕೆಲವು ಕಡೆ ಇಂತಹ ಹೆಸರುಗಳನ್ನೆಲ್ಲ ಸೇರಿಸಿ ಒಂದೇ ದಿನ ಪೂಜೆ ಮಾಡಿ ಮುಗಿಸಬಹುದು, ಕೆಲವು ಕಡೆ ಹೆಸರು ಓದುವುದೂ ನಿಂತಿರಬಹುದು. ಹಣವಂತೂ ಒಟ್ಟು ಠೇವಣಿಯಲ್ಲಿ ಕರಗಿ ಗುರುತು ಸಿಗದಂತಾಗಿರುತ್ತದೆ. ಇದನ್ನು ಸರಿಪಡಿಸಲು ಯಾವ ಮಸೂದೆಗೂ ಕಾಯಬೇಕಾಗಿಲ್ಲ. ಹಳೆಯ ವಹಿಗಳನ್ನು ಬಿಚ್ಚಿ, ನಿಧಿಯ ಹೆಸರು, ಕೊಟ್ಟ ವರ್ಷ, ಮೊತ್ತ, ಉದ್ದೇಶ, ಈಗ ಬರುತ್ತಿರುವ ಬಡ್ಡಿ, ಈಗ ನಡೆಯುತ್ತಿರುವ ಕಾರ್ಯ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ವಾರ್ಷಿಕ ಸಭೆಯಲ್ಲಿ ಓದಬಹುದು. ವಾರಸುದಾರರ ವಿಳಾಸ ಸಿಕ್ಕರೆ ಅವರಿಗೆ, ನಿಮ್ಮ ಅಜ್ಜಿಯ ಹೆಸರಿನ ಪೂಜೆ ಇಂತಹ ವರ್ಷದಿಂದ ನಡೆದಿಲ್ಲವೆಂದು ಕಾಗದ ಬರೆಯಬಹುದು. ಮೊದಲ ಕಾಗದ ಬರೆಯುವುದು ಕಷ್ಟ. ಆ ವರ್ಷಗಳ ವರದಿಗಳಲ್ಲಿ ಎಲ್ಲ ಪೂಜೆಗಳೂ ಸಾಂಗವಾಗಿ ನೆರವೇರಿದವೆಂದು ಅಚ್ಚಾಗಿರುತ್ತದೆ.