ಹೊಲ ಯಾರದು, ಹಾನಿ ಯಾರದು



ಈಚೆಗೆ ಮಠಕ್ಕೆ ಬಂದ ಒಬ್ಬ ತಾಯಿ ಸೆರಗಿನಲ್ಲಿ ತೊಗರಿ ಗಿಡವೊಂದನ್ನು ಸುತ್ತಿಕೊಂಡು ತಂದಿದ್ದರು. ಎಲೆ ಹಳದಿಗಟ್ಟಿ ಉದುರಿತ್ತು. ಬೇರು ಕಪ್ಪಗೆ ಕೊಳೆತಿತ್ತು. ಉಗುರು ತಾಗಿದರೆ ಸಿಪ್ಪೆ ಸುಲಿದು ಬರುತ್ತಿತ್ತು. “ನಾಕು ಎಕರೆ ಹಿಂಗೇ ಆಗ್ಯಾದ ಯಪ್ಪಾ” ಅಂದರು. ಪರಿಹಾರ ಬಂತೇನಮ್ಮ ಎಂದು ಕೇಳಿದೆ. “ಬಂದದ. ನಮಗಲ್ಲ, ಹೊಲದವರಿಗೆ.” ಅವರನ್ನು ಕೇಳಲಿಲ್ಲವೇ ಎಂದೆ. “ಹೆಂಗ ಕೇಳ್ಲಿ ಯಪ್ಪಾ? ಮುಂದಿನ ವರ್ಷ ಹೊಲ ಕೊಡಲ್ಲ ಅಂದ್ರ?”

ಆ ಮಾತು ಕೇಳಿದಾಗಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ.

2025ರ ಮಳೆಗಾಲ ನಿಮಗೆಲ್ಲ ಗೊತ್ತು. ನಮ್ಮಲ್ಲಿ ಬಿದ್ದ ಮಳೆ ಸಾಲದೆಂಬಂತೆ ಮಹಾರಾಷ್ಟ್ರದ ಉಜನಿಯಿಂದ, ಸೀನಾ ನದಿಯಿಂದ ನೀರು ಬಂದು ಭೀಮೆ ತುಂಬಿ ಹರಿದಳು. ಅಫಜಲಪುರ, ಜೇವರ್ಗಿ, ಚಿತ್ತಾಪುರದ ಕಡೆ ಹೊಲಗಳು ಕೆರೆಗಳಾದವು. ಖುಷ್ಕಿ ಬೆಳೆಗೆ ಕೇಂದ್ರದ ನಿಯಮದಂತೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರವಿತ್ತು. ರಾಜ್ಯ ಸರ್ಕಾರ ಮತ್ತೆ 8,500 ಸೇರಿಸಿ 17,000 ಘೋಷಿಸಿತು. ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ, ಬೆಳೆ ಶೇ 33ರಷ್ಟಾದರೂ ಹಾಳಾಗಿದ್ದರೆ. ಎಕರೆಗೆ ಲೆಕ್ಕ ಹಾಕಿದರೆ ಏಳು ಸಾವಿರಕ್ಕೂ ಕಡಿಮೆ. ಬೀಜ, ಗೊಬ್ಬರ, ಕ್ರಿಮಿನಾಶಕ, ಕಳೆಯ ಕೂಲಿ ಕೂಡಿಸಿದವರಿಗೆ ಅದು ಎಷ್ಟರದು ಎಂದು ನಾನು ಹೇಳಬೇಕಿಲ್ಲ. ಆದರೂ ಕಷ್ಟದಲ್ಲಿ ಬಂದ ದುಡ್ಡು.

ಈ ದುಡ್ಡು ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಹೋಗುತ್ತದೆ. ಬೇರೆಯವರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವರ ಹೆಸರು ಪಹಣಿಯಲ್ಲಿ ಎಲ್ಲಿರುತ್ತದೆ? 1974ರ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಎಷ್ಟೋ ಮನೆಗಳು ಆ ಕಾಯ್ದೆಯಿಂದ ಹೊಲದ ಮುಖ ಕಂಡವು, ಅದು ದೊಡ್ಡ ಪುಣ್ಯದ ಕೆಲಸ. ಆದರೆ ಗೇಣಿಗೆ ಕಾಯ್ದೆಯ ಒಪ್ಪಿಗೆ ಇಲ್ಲದ್ದರಿಂದ ಇಂದಿನ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ. ಕಾಗದವಿಲ್ಲದವರ ಹಾನಿಗೆ ಕಚೇರಿಯಲ್ಲಿ ಲೆಕ್ಕವಿಲ್ಲ.

ತನ್ನದಲ್ಲದ್ದು ಕೈಗೆ ಬಂದಾಗ ಏನು ಮಾಡಬೇಕೆಂದು ತಿಳಿಯಲು ಶರಣೆ ಆಯ್ದಕ್ಕಿ ಲಕ್ಕಮ್ಮ ತಾಯಿಯನ್ನು ನೆನೆಯಿರಿ. ಆಕೆ ಮತ್ತು ಗಂಡ ಮಾರಯ್ಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಬಡ ದಂಪತಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ನೆಲದ ಮೇಲೆ ಬಿದ್ದದ್ದು. ಯಾರೂ ತಕರಾರು ಎತ್ತುತ್ತಿರಲಿಲ್ಲ. ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ. ಹೆಚ್ಚಿನದನ್ನು ತಿರುಗಿ ಕೊಟ್ಟು ಬಾ ಎಂದು ಗಂಡನನ್ನು ಕಳಿಸಿದಳು.

“ಸರ್ಕಾರವೇ ನನ್ನ ಖಾತೆಗೆ ಹಾಕಿದೆ, ನಾನು ಕೇಳಿರಲಿಲ್ಲ” ಎನ್ನುವ ಭಕ್ತರಿಗೆ ನನ್ನ ಮಾತು ಇದೇ. ಆ ಅಕ್ಕಿಯನ್ನೂ ಮಾರಯ್ಯ ಕೇಳಿರಲಿಲ್ಲ.

ಲಾವಣಿ ಹಣ ಮುಂಗಡವಾಗಿ ಎಣಿಸಿಕೊಂಡವರೇ, ನೀರು ನಿಂತಾಗ ನಿಮಗೆ ಆದ ನಷ್ಟ ಏನು? ಕೊಳೆತದ್ದು ಬಿತ್ತಿದವರ ಬೆಳೆ, ಪರಿಹಾರವೂ ಪೂರ್ತಿ ಅವರದೇ. ಪಾಲಿಗೆ ಕೊಟ್ಟಿದ್ದರೆ ಇಬ್ಬರಿಗೂ ಹಾನಿಯಾಗಿದೆ; ರಾಶಿಯಲ್ಲಿ ಹೇಗೆ ಪಾಲು ಮಾಡುತ್ತಿದ್ದಿರೋ ಹಾಗೆಯೇ ಮಾಡಿಕೊಳ್ಳಿ. ನೀರು ನುಗ್ಗಿ ಹೊಲದ ಬದುವೇ ಕೊಚ್ಚಿಹೋಗಿದ್ದರೆ ಆ ಹಾನಿ ಹೊಲದವರದು, ಅದನ್ನು ಕೂತು ಮಾತಾಡಿ ಬಗೆಹರಿಸಿ. ನಮ್ಮ ಹಿರಿಯರು ಇಂಥದ್ದನ್ನು ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆಯಲ್ಲಿ ತೀರಿಸುತ್ತಿದ್ದರು. ಒಂದು ಮಾತು ಮಾತ್ರ ಮರೆಯಬೇಡಿ: ಅವರು ಬಂದು ಕೇಳಲಿ ಎಂದು ಕಾಯಬೇಡಿ. ಅವರು ಕೇಳಲಾರರು. ಆ ತಾಯಿ ಹೇಳಿದ ಕಾರಣವನ್ನು ಈಗಷ್ಟೇ ಓದಿದಿರಿ.

ಮಠದ ಹೊಲವನ್ನೂ ಪಾಲಿಗೆ ಮಾಡುವ ಎರಡು ಮನೆಗಳಿವೆ. ಅಲ್ಲಿ ಮಠ ತನ್ನ ಪಾಲನ್ನೂ ಇಟ್ಟುಕೊಳ್ಳಲಿಲ್ಲ. ಬಂದಷ್ಟೂ ಹಣವನ್ನು ಈಗಾಗಲೇ ಆ ಮನೆಗಳ ಹೆಣ್ಣುಮಕ್ಕಳ ಕೈಗೆ ಕೊಟ್ಟಿದ್ದೇವೆ. ನಿಮ್ಮ ಖಾತೆಗೂ ಬಂದಿದ್ದರೆ, ನಿಮ್ಮ ಹೊಲ ಮಾಡಿದವರ ಮನೆಗೆ, ಅವರು ಹಿಂಗಾರಿಗೆ ಮಾಡಿದ ಸಾಲದ ಬಡ್ಡಿ ಬೆಳೆಯುವ ಮೊದಲೇ, ಹೋಗಿ ಕೊಟ್ಟು ಬನ್ನಿ.